ಮಂತ್ರ ಊದಿದ ಕಿವಿ

"ಆ ಕಿವಿಗೆ ಮೊಳೆ ಹೊಡಿಸ್ಕೊಂಡು ಬಂದ್ರೆ ಈ ಹೊಸ್ತಿಲು ತುಳೀಬ್ಯಾಡ!"

ಸರ್ವಮಂಗಳಮ್ಮ ಬಾಗಿಲಿಗೆ ಅಡ್ಡ ಕೈಯಿಟ್ಟು ನಿಂತಿದ್ದರು. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಗೇಟಿನ ಬಳಿ ಕಿರಿಯ ಮಗ ಮಹಾಂತೇಶ್ ಆಟೊ ನಿಲ್ಲಿಸಿಕೊಂಡಿದ್ದ; ಬೆಂಗಳೂರಿನ ರೈಲಿಗೆ ಹೊತ್ತಾಗುತ್ತಿತ್ತು. ಚೀಲ ಹಿಡಿದು ನಿಂತ ಹಿರಿಯ ಸೊಸೆ ನಯನಾ, ಕೇಳುವ ಎಡಗಿವಿಯನ್ನು ಅತ್ತೆಯ ಕಡೆಗೆ ತಿರುಗಿಸಿದಳು.

"ಮೊಳೆ ಅಲ್ಲ ಅತ್ತೆ... ಸಣ್ಣ ತಿರುಪು. ಕಿವಿ ಹಿಂದಿನ ಎಲುಬಿಗೆ ಕೂಡಿಸ್ತಾರೆ. ಅದಕ್ಕೆ ಮಷಿನ್ ಸಿಗಿಸಿದ್ರೆ ಬಲಗಡೆ ಸದ್ದು ತಲೆ ಎಲುಬಿನಾಗೇ ಹಾದು ಈ ಕಿವಿಗೆ ಬರ್ತೈತೆ ಅಂದಾರೆ ಡಾಕ್ಟ್ರು."

"ದೀಕ್ಷೆ ಕೊಟ್ಟಾಗ ಗುರುಗಳು ಮಂತ್ರ ಊದಿದ ಕಿವಿ ಅದು! ಅಲ್ಲಿ ಬೈರಿಗೆ ಹಾಕಿಸ್ತೀಯಾ? ನನ್ನ ಮಗನ್ನ ನುಂಗಿದ್ದು ಸಾಲ್ದೇನು? ಬೆಳಗ್ಗೆ ಸ್ಕೂಲೈತೆ ಅಂತ ಅವಸರ ಮಾಡಿ ಹೊರಡಿಸಿದಾಕಿ ನೀನಲ್ಲೇನು?"

ಅದೇ ಮಾತು... ಎರಡು ವರ್ಷಗಳಿಂದ ಬಂದವರ ಮುಂದೆಲ್ಲ ಅದೇ ಮಾತು! ಅಂದು ಕೊಕ್ಕನೂರಿನ ತವರುಮನೆಯಲ್ಲಿ ರಾತ್ರಿ ಉಳಿಯುವುದೆಂದೇ ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಮುಸ್ಸಂಜೆ ಪಕ್ಕದ ಮನೆಗೆ ಯಾರದೋ ಫೋನ್ ಬಂತು. ನಯನಾಳ ಗಂಡ ರುದ್ರಮುನಿ ಹೋಗಿ ಮಾತಾಡಿ ಬಂದವನು "ಹೊರಡೋಣ ನಡಿ" ಎಂದಷ್ಟೇ ಹೇಳಿ ಸ್ಕೂಟರ್ ತೆಗೆದಿದ್ದ. ಯಾರೆಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಹರಿಹರದ ಸೇತುವೆಯ ಮೇಲೆ ಎದುರಿಗೆ ಲಾರಿ ಬಂತು. ಅವನು ಮತ್ತೆ ಕಣ್ಣು ತೆರೆಯಲಿಲ್ಲ. ತಲೆಯ ಎಲುಬು ಬಿರಿದಿದ್ದ ಅವಳು ಕಣ್ಣು ತೆರೆದಾಗ ಬಲಗಿವಿ ಸತ್ತಿತ್ತು. ಈಗ ತರಗತಿಯಲ್ಲಿ ಬಲಸಾಲಿನ ಮಕ್ಕಳು ಕರೆದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಹೀಗೇ ಇದ್ದರೆ ಬರುವ ಜೂನ್‌ನಿಂದ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಮುಖ್ಯೋಪಾಧ್ಯಾಯರು ಮೆಲ್ಲಗೆ ಹೇಳಿದ್ದರು. ಆ ಕೆಲಸವೂ ಹೋದರೆ ಅವಳಿಗೆ ಉಳಿಯುವುದು ಈ ಮನೆಯ ಮೂಲೆ, ಈ ಮಾತು!

"ಅಮ್ಮಾ, ಸರಿ ಅತ್ತಾಗ. ನಿನ್ನ ಬೈಗುಳ ಮುಗಿಯೋತನಕ ರೈಲು ನಿಲ್ಲಂಗಿಲ್ಲ," ಎಂದ ಮಹಾಂತೇಶ್. "ಅತ್ತಿಗೇನ ಹೊರಗ ಹಾಕಿದ್ರೆ ನಾನೂ ಕೆಲಸದ ಫ್ಯಾಕ್ಟ್ರಿಯಾಗೇ ಮಲಗ್ತೀನಿ, ನೋಡು."

ನಯನಾ ಅತ್ತೆಯ ತೋಳಿನ ಕೆಳಗೆ ತಲೆ ತಗ್ಗಿಸಿ ಹೊರಗೆ ನಡೆದಳು.

ಸ್ವೀಡನ್ನಿನಲ್ಲಿ ಕಲಿತು ಬಂದಿದ್ದ ವೈದ್ಯರು, ಒಂದೇ ಕಿವಿ ಹೋದವರಿಗೆ ಇದನ್ನು ಮಾಡಿದ್ದು ಕಡಿಮೆ, ಪ್ರಯತ್ನವೆಂದೇ ತಿಳಿಯಿರಿ ಎಂದಿದ್ದರು. ತಿರುಪು ಎಲುಬಿಗೆ ಕಚ್ಚಿಕೊಳ್ಳಲು ಮೂರು ತಿಂಗಳು ಹಿಡಿಯಿತು. ಮಷಿನ್ ಸಿಗಿಸಿಕೊಂಡು ತರಗತಿಗೆ ಹೋದ ದಿನ ಬಲಸಾಲಿನಿಂದ "ಮಿಸ್, ಚಾಕ್‌ಪೀಸ್ ಬಿತ್ರಿ" ಎಂಬ ದನಿ ಬಂತು. ಅವಳು ಬೋರ್ಡಿನ ಕಡೆಗೆ ತಿರುಗಿ ಬಹಳ ಹೊತ್ತು ನಿಂತಳು. ಕೆಲಸ ಉಳಿಯಿತು. ಮನೆಯಲ್ಲಿ ಅತ್ತೆ ಮತ್ತೆ ಬಾಗಿಲಿಗೆ ಅಡ್ಡ ಬರದಿದ್ದರೂ ಆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ಮಲಗುವಾಗ ಅದನ್ನ ತೆಗೀತಾಳಂತಲ್ಲ?" ಎಂದು ಒಮ್ಮೆ ಮಹಾಂತೇಶನನ್ನು ಕೇಳಿದ್ದರು, ಅಷ್ಟೇ.

ಒಂದು ಭಾನುವಾರ ಊಟವಾದ ಮೇಲೆ ಉತ್ತರಪತ್ರಿಕೆ ತಿದ್ದುತ್ತಿದ್ದ ನಯನಾ ಮಷಿನ್ ತೆಗೆಯದೆಯೇ ಚಾಪೆಯ ಮೇಲೆ ಒರಗಿದಳು. ಎಡಗಿವಿ ದಿಂಬಿನೊಳಗಿತ್ತು, ಬಲಗಡೆ ಕೂದಲು ಮುಚ್ಚಿತ್ತು. ಜೊಂಪಿನಲ್ಲಿದ್ದಾಗ ತಲೆಯೊಳಗೇ ಯಾರೋ ಮಾತಾಡಿದಂತಾಯಿತು.

"ರುದ್ರಮುನೀ... ಯಪ್ಪಾ... ದಿನಾ ಇಲ್ಲೇ ಹೇಳ್ಕೊಂತೀನಿ, ಇನ್ನೆಲ್ಲಿ ಹೇಳ್ಲೋ? ಗುರು ಊದಿದ ಕಿವಿ ಇದು, ಶಿವನಿಗಾದ್ರೂ ಮುಟ್ಲಿ. ಹೆಂಡ್ತಿ ಮನ್ಯಾಗೇ ಕುಂತ್ಯೇನೋ, ಈಗಿಂದೀಗ ಹೊರಟು ಬಾ ಅಂತ ಫೋನ್ ಮಾಡಿದಾಕಿ ನಾನೇ ಅಲ್ಲೇನೋ! ನಾನೇ ಕೊಂದೆ... ಇವಳ ತಲೆಗೆ ಕಟ್ಟಿದೆ..."

ಅತ್ತೆಯ ದನಿ, ನಯನಾಳ ಬಲಗಿವಿಗೇ ಬಾಯಿಟ್ಟು. ಆ ಫೋನ್! ಎದ್ದು ಕೂರಬೇಕು, ಚೀರಬೇಕು, ಬೀದಿಯನ್ನೆಲ್ಲ ಕೂಗಿ ಕರೆಯಬೇಕು ಎನ್ನಿಸಿತು... ಕಣ್ಣು ಮುಚ್ಚಿಕೊಂಡೇ ಇದ್ದಳು. ಬೈರಿಗೆ ಬ್ಯಾಡ ಎಂದು ಮುದುಕಿ ಬಾಗಿಲಿಗೆ ಅಡ್ಡ ನಿಂತದ್ದೇಕೆಂದು ಈಗ ಅರ್ಥವಾಯಿತು.

ಸಂಜೆ ಎದುರುಮನೆಯ ಓಬವ್ವ ಬಂದು ಕೂತರು. ಮಹಾಂತೇಶ್ ಪೇಪರ್ ಓದುತ್ತಿದ್ದ.

"ಏನ್ ಮಾಡಾದು ಓಬವ್ವಾ," ಸರ್ವಮಂಗಳಮ್ಮ ಚಹಾದ ಲೋಟ ಹಿಡಿದು ಶುರು ಮಾಡಿದರು, "ಅವತ್ತು ಇಕಿ ಅವಸರ ಮಾಡದಿದ್ರೆ..."

"ಅಮ್ಮಾ, ಸಾಕು ಮಾಡು!" ಮಹಾಂತೇಶ್ ಪೇಪರ್ ಎಸೆದ. "ಅವತ್ತು ಯಾರೋ ಫೋನ್ ಮಾಡಿದ್ರಂತ ಅತ್ತಿಗೆ ಆಗ್ಲೇ ಹೇಳಿದ್ರು. ಅದು ಯಾರಂತ ಇವತ್ತೇ ತಿಳೀಲಿ. ಕೊಕ್ಕನೂರಿಗೆ ಹೋಗಿ ಪಕ್ಕದ ಮನೆಯೋರ್ನ ಕೇಳ್ಕೊಂಡು ಬರ್ತೀನಿ!"

ಸರ್ವಮಂಗಳಮ್ಮನ ಕೈಯ ಲೋಟ ಅಲುಗಿ ಚಹಾ ಸೀರೆಯ ಮೇಲೆ ಚೆಲ್ಲಿತು. ಮಹಾಂತೇಶ್ ಬೈಕಿನ ಕೀ ತೆಗೆದುಕೊಂಡೇ ಬಿಟ್ಟ.

"ಹೋಗ್ಬ್ಯಾಡ್ರಿ," ಎಂದಳು ನಯನಾ. ಅವಳು ನೋಡುತ್ತಿದ್ದುದು ಅತ್ತೆಯ ಸೀರೆಯ ಮೇಲಿನ ಚಹಾದ ಕಲೆಯನ್ನು. "ಫೋನ್ ನನ್ನ ಸ್ಕೂಲಿಂದು. ಅವಸರ ಮಾಡಿದಾಕಿ ನಾನೇ."

ಮಹಾಂತೇಶ್ ಕೀ ಕೆಳಗಿಟ್ಟ. ಸರ್ವಮಂಗಳಮ್ಮ ಸೊಸೆಯ ಮುಖವನ್ನೇ ನೋಡಿದರು. ಆಮೇಲೆ, ಮೊದಲ ಸಲ, ಅವಳ ಬಲಗಿವಿಯ ಹಿಂದೆ ನೋಡಿದರು.

ಆ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಮುಂದಿನ ಭಾನುವಾರ ಊಟವಾದ ಮೇಲೆ ನಯನಾ ಅತ್ತೆಗೆ ಕಾಣುವಂತೆ ನಡುಮನೆಯಲ್ಲೇ ಚಾಪೆ ಹಾಸಿದಳು. ಕೂದಲು ಸರಿಸಿ ಮಷಿನ್ ಬಿಡಿಸಿ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಎಡಗಿವಿಯನ್ನು ದಿಂಬಿಗೊತ್ತಿ ಮಲಗಿದಳು. ಬೀದಿ, ಗಡಿಯಾರ, ಫ್ಯಾನು... ಎಲ್ಲ ನಿಂತವು.

ಬಹಳ ಹೊತ್ತಾದ ಮೇಲೆ ಬೆನ್ನ ಹಿಂದೆ ಚಾಪೆ ಅಲುಗಿತು. ಒಂದು ಒರಟು ಬೆರಳು ತಿರುಪಿನ ಸುತ್ತಲ ಕೂದಲನ್ನು ಮೆಲ್ಲಗೆ ಸರಿಸಿತು. ಬಲಗಿವಿಗೆ ಬೆಚ್ಚನೆಯ ಉಸಿರು ತಾಗಿತು.

ನಯನಾ ಕಣ್ಣು ತೆರೆಯಲಿಲ್ಲ.