ಎರಡನೇ ಸೀಟಿನ ಬೆಲ್ಟು

"ಈ ಅಂಗಡಿ ಮೆಟ್ಟಿಲು ಹತ್ತೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

ಯಮುನ ಹೊಲಿಯುತ್ತಿದ್ದ ಸೀಟಿಗೆ ದಬ್ಬಣ ಚುಚ್ಚಿ ನಿಲ್ಲಿಸಿ ಕೇಳಿದಳು. ಎದುರಿಗೆ ದೇರಪ್ಪ ನಿಂತಿದ್ದ. ಎರಡು ವರ್ಷಗಳ ಮೇಲೆ!

ಅದು 1963. ಗೋಣಿಕೊಪ್ಪಲಿನಲ್ಲಿ ಅವಳ ಅಪ್ಪ ಮಾಯಿಲಪ್ಪನದು ಜೀಪಿನ ಟಾಪು, ಸೀಟು ಹೊಲಿಯುವ ಅಂಗಡಿ. ಅಪ್ಪನ ಕಣ್ಣು ಮಂಜಾದ ಮೇಲೆ ಹೊಲಿಗೆಯೆಲ್ಲ ಅವಳದೇ. ದೇರಪ್ಪ ನಾಪೋಕ್ಲಿನ ಕಾಫಿ ಬೆಳೆಗಾರ, ಅವಳ ಅಣ್ಣ ಸಾಂತಪ್ಪನ ಜೀವದ ಗೆಳೆಯ. ಅವನು ಮನೆಗೆ ಬಂದಾಗಲೆಲ್ಲ ಅವಳು ಕಾರಣವಿಲ್ಲದೆ ಹೊಸ ಸೀರೆ ಉಡುತ್ತಿದ್ದ ಕಾಲವೂ ಒಂದಿತ್ತು...

ಆಮೇಲೆ ಬೆಳೆಗಾರರ ಜೀಪ್ ಓಟ ಬಂತು. ಮಾದಾಪುರದಾಚೆಯ ಕೆಸರಿನ ಇಳಿಜಾರಿನಲ್ಲಿ ಇಬ್ಬರಿದ್ದ ಜೀಪು ಮಗುಚಿತು. ಬೆಲ್ಟ್ ಇದ್ದದ್ದು ಡ್ರೈವರ್ ಸೀಟಿಗೆ ಮಾತ್ರ. ಓಡಿಸುತ್ತಿದ್ದ ದೇರಪ್ಪ ಹೆಗಲು ಮುರಿದುಕೊಂಡು ಬದುಕಿದ. ಪಕ್ಕದಲ್ಲಿದ್ದ ಸಾಂತಪ್ಪ ಹೊರಗೆ ಎಗರಿ ಬಿದ್ದ. ಮತ್ತೆ ಏಳಲಿಲ್ಲ.

ಅಂದಿನಿಂದ ರಸ್ತೆಯಲ್ಲಿ ಯಾವ ಜೀಪು ಗೇರ್ ಇಳಿಸಿದರೂ ಅವಳಿಗೆ ಅಣ್ಣನ ಕೂಗು. "ಯಮುನಾ..." ಹೊಲಿಗೆ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು. ಹೊರಗೆ ಬರೀ ಧೂಳು.

'ಅಣ್ಣನ ಹೆಣ ನೋಡೋಕೂ ಬರಲಿಲ್ಲವಲ್ಲ ಇವನು!'

"ಬೈಬೇಕಾದ್ರೆ ಆಮೇಲೆ ಬೈ," ದೇರಪ್ಪ ತಲೆ ತಗ್ಗಿಸಿಯೇ ಹೇಳಿದ. "ಮುಂದಿನ ತಿಂಗಳು ಮತ್ತೆ ಓಟ. ಈ ಸಲ ಬೆಳೆಗಾರರನ್ನೆಲ್ಲ ಒಪ್ಪಿಸಿ, ಮಗುಚಿದ್ರೂ ಜಜ್ಜದ ಹಾಗೆ ಎಲ್ಲಾ ಜೀಪಿಗೂ ಮೇಲೆ ಕಬ್ಬಿಣದ ಕಮಾನು ಹಾಕಿಸ್ತಿದ್ದೀನಿ. ಎರಡೂ ಸೀಟಿಗೆ ಬೆಲ್ಟ್ ಬೇಕು. ನಿನ್ನಷ್ಟು ಗಟ್ಟಿಯಾಗಿ ಹೊಲಿಯೋರು ಯಾರಿದ್ದಾರೆ?"

ಅವಳು ಟಾರ್ಪಾಲಿನ ಸುರುಳಿ ಎಳೆದು ಮುಂದಿಟ್ಟುಕೊಂಡಳು.

"ಹೊಲೀತೀನಿ. ಆದರೆ ಮೊದಲನೇ ಬೆಲ್ಟ್ ಕಟ್ಟಿಕೊಂಡು ಅಣ್ಣ ಕೂತ ಜಾಗದಲ್ಲಿ ನಾನೇ ಕೂರಬೇಕು. ಅದೇ ಇಳಿಜಾರಿಗೆ ಕರ್ಕೊಂಡು ಹೋಗಿ."

ದೇರಪ್ಪ ಮುಖ ಬಿಳುಚಿಕೊಂಡೇ ಒಪ್ಪಿದ.

ಟಾರ್ಪಾಲಿನ ಮೂರು ಪದರ, ಮೇಣ ಹಚ್ಚಿದ ದಾರ, ಕಬ್ಬಿಣದ ಬಕಲ್. ವಾರದೊಳಗೆ ಮೊದಲ ಜೋಡಿ ಸಿದ್ಧವಾಯಿತು.

ಆ ಇಳಿಜಾರಿನ ತಿರುವಿನ ಹತ್ತಿರ ಬಂದಾಗ ದೇರಪ್ಪ ಜೀಪು ನಿಲ್ಲಿಸಿಬಿಟ್ಟ. ಇಂಜಿನ್ ಆರಿಸಿ ಅವಳತ್ತ ತಿರುಗಿದ.

"ಇಲ್ಲಿಗೆ ಬರೋ ಮೊದಲೇ ಸೀಟು ಬದಲಾಯಿಸಬೇಕಿತ್ತು ಯಮುನಾ. ಅರ್ಧ ದಾರಿ ನಾನು, ಅರ್ಧ ಅವನು... ಹಾಗಂತ ಮಾತಾಗಿತ್ತು. 'ಇನ್ನೊಂದು ತಿರುವು ನಾನೇ ಓಡಿಸ್ತೀನಿ ಕಣೋ' ಅಂದೆ. ಅವನು ನಕ್ಕ. ಆ ನಗು ದಿನಾ ಕೇಳುತ್ತೆ..."

ಹಾಗಾದರೆ ಆ ಬೆಲ್ಟು ಅಣ್ಣನದಾಗಬೇಕಿತ್ತು!

ಅವಳು ಬಕಲ್ ಬಿಚ್ಚಿ ಕೆಳಗಿಳಿದಳು. "ನನ್ನ ಹಿಂದೆ ಬರಬೇಡಿ!"

ಬಸ್ಸು ಹಿಡಿದು ಮನೆಗೆ ಬಂದವಳಿಂದ ಎಲ್ಲವನ್ನೂ ಕೇಳಿದ ಮಾಯಿಲಪ್ಪ ಗೋಡೆಗೆ ಒರಗಿ ಕೂತರು.

"ನನಗೆ ಗೊತ್ತಿತ್ತು ಮಗಾ. ಮಾರನೇ ದಿನವೇ ಬಂದಿದ್ದ, ಹೆಗಲಿಗೆ ಪಟ್ಟಿ ಕಟ್ಟಿಕೊಂಡು. ನೀನು ಒಳಗೆ ಅಳ್ತಾ ಬಿದ್ದಿದ್ದೆ. ಕಾಲಿಗೆ ಬಿದ್ದು ಇದನ್ನೇ ಹೇಳಿದ. ನಾನೇ ಅಟ್ಟಿದೆ. ನನ್ನ ಮಗಳಿಗೆ ಮುಖ ತೋರಿಸಬೇಡ ಅಂದೆ."

"ಅಪ್ಪಾ! ನನಗೆ ಯಾಕೆ ಹೇಳಲಿಲ್ಲ?"

"ಅವನು ಕಾಲಿಗೆ ಬಿದ್ದದ್ದು ಹೇಳಿದ್ರೆ ನೀನು ಕರಗಿ ಅವನ ಹಿಂದೆ ಹೋಗ್ತಿದ್ದೆ..."

ಅವಳು ಅಳುತ್ತಲೇ ದಬ್ಬಣ ಹಿಡಿದಳು. ಓಟದ ದಿನದೊಳಗೆ ಹದಿನಾಲ್ಕು ಜೀಪಿಗೂ ಜೋಡಿ ಬೆಲ್ಟು ಮುಗಿಸಿದಳು.

ದೇರಪ್ಪ ಓಟಕ್ಕೆ ಇಳಿಯಲಿಲ್ಲ. ಸಾಲಾಗಿ ನಿಂತ ಜೀಪುಗಳ ಬಳಿ ಹೋಗಿ, ಒಂದೊಂದೇ ಬಕಲ್ ಎಳೆದು ನೋಡುತ್ತಿದ್ದ. ಯಮುನ ದೂರದಿಂದ ನೋಡಿದಳು, ಮಾತಾಡಿಸಲಿಲ್ಲ.

ಓಟ ನೋಡಲು ಎಲ್ಲರೂ ಆ ತಿರುವಿನ ಬಳಿ ಸೇರಿದರು. ಐದನೇ ಜೀಪು ಬೋಜಪ್ಪನದು. ಪಕ್ಕದಲ್ಲಿ ಅವನ ಭಾವ ಗುಂಡ. ಅದೇ ತಿರುವು, ಅದೇ ಕೆಸರು... ಚಕ್ರ ಜಾರಿತು. ಜೀಪು ಪಲ್ಟಿ ಹೊಡೆಯಿತು!

ಜನ ಓಡಿದರು. ಯಮುನ ಮಾತ್ರ ನಿಂತಲ್ಲೇ ಕಣ್ಣು ಮುಚ್ಚಿಕೊಂಡಳು. ಕಿವಿಯಲ್ಲಿ ಅಣ್ಣನ ಕೂಗು...

"ಬಿಚ್ಚಿ ಮಾರಾಯ್ರೇ!" ಬೋಜಪ್ಪನ ದನಿ. "ಬಾವಲಿ ಥರ ನೇತಾಡ್ತಿದ್ದೀವಿ!"

ಇಬ್ಬರೂ ಕಮಾನಿನ ಕೆಳಗೆ ತಲೆಕೆಳಗಾಗಿ, ಬೆಲ್ಟಿನಲ್ಲಿ ಸಿಕ್ಕಿಕೊಂಡು, ಜೀವಂತ! ಗುಂಡನ ಹಣೆಯಲ್ಲಿ ಚೂರು ರಕ್ತ, ಅಷ್ಟೇ.

ದೇರಪ್ಪ ಅವರನ್ನು ಇಳಿಸಿ, ದಾರಿಯಂಚಿಗೆ ಹೋಗಿ ಕುಸಿದು ಕೂತ. ಎರಡು ವರ್ಷದ ಅಳು ಒಮ್ಮೆಗೇ ಒಡೆಯಿತು.

ಯಮುನ ಬಂದು ಪಕ್ಕದಲ್ಲಿ ಕೂತಳು.

"ನಿಮ್ಮನ್ನ ಕ್ಷಮಿಸಿದ್ದೀನಾ... ಗೊತ್ತಿಲ್ಲ. ಅಣ್ಣ ಇನ್ನೂ ಕೂಗ್ತಾನೆ. ಇನ್ನು ಮುಂದೂ ಕೂಗ್ತಾನೆ. ಆದರೆ ನೀವಿಲ್ಲದೆ ಇರೋಕೆ ನನ್ನಿಂದ ಆಗ್ತಿಲ್ಲ."

ಅವನು ಕೆಸರಾದ ಕೈಯನ್ನು ಅಂಗಿಗೆ ಒರೆಸಿಕೊಂಡು, ಹೆದರುತ್ತಲೇ ಅವಳ ಕೈ ಹಿಡಿದ.

"ನಾಳೆ ನಿಮ್ಮಪ್ಪನ ಹತ್ರ ಬಂದು ಹೆಣ್ಣು ಕೇಳ್ಲಾ?"

"ನಾಳೆ ಯಾಕೆ? ಈಗಲೇ ನಡೀರಿ."

"ಬೈದ್ರೆ?"

"ಬೈಯ್ಯಲಿ. ಇಬ್ಬರೂ ನಿಂತು ಬೈಸಿಕೊಳ್ಳೋಣ."