ಗುಬ್ಬಿ ಮರಿ ಯಾಕೆ ನಡುಗಲಿಲ್ಲ?

"ಮಲಗಿಸ್ಬ್ಯಾಡ ಕಣೋ, ಕೂರಿಸ್ಬೇಕು," ಎಂದಳು ಮಲ್ಲಿಕಾಂಬ.

ಹಿತ್ತಿಲ ನುಗ್ಗೆಮರದ ಬುಡದಲ್ಲಿ ತಮ್ಮ ಚಂದ್ರಶೇಖರ ತೆಂಗಿನ ಚಿಪ್ಪಿನಿಂದ ಗುಂಡಿ ತೋಡಿದ್ದ. ಪಕ್ಕದಲ್ಲಿ ಒಂದು ಗುಬ್ಬಿ ಮರಿ. ಮೈಮೇಲೆ ಒಂದು ಪುಕ್ಕವೂ ಇಲ್ಲ. ಪಡಸಾಲೆಯಲ್ಲಿ ಮಠದ ಸ್ವಾಮಿಗಳ ಫೋಟೋ ಹಿಂದೆ ಗುಬ್ಬಿಗಳು ಗೂಡು ಕಟ್ಟಿದ್ದವು. ಬೆಳಿಗ್ಗೆ ಎದ್ದು ನೋಡಿದರೆ ಮರಿ ನೆಲಕ್ಕೆ ಬಿದ್ದಿತ್ತು. ಮುಟ್ಟಿದರೆ ಹಲ್ಲಿಯ ಹಾಗೆ ತಣ್ಣಗಿತ್ತು. ಅಲುಗಲಿಲ್ಲ. ಸತ್ತೇ ಹೋಗಿದೆ ಎಂದು ಇಬ್ಬರೂ ತೀರ್ಮಾನಿಸಿದ್ದರು.

ಸತ್ತವರನ್ನು ಮಣ್ಣು ಮಾಡುವುದು ಹೇಗೆಂದು ಮಲ್ಲಿಕಾಂಬಳಿಗೆ ಗೊತ್ತಿತ್ತು. ಮುತ್ತಜ್ಜ ತೀರಿಕೊಂಡಾಗ ಅವನನ್ನು ಗುಂಡಿಯಲ್ಲಿ ಕೂರಿಸಿ, ಸುತ್ತ ವಿಭೂತಿ ಹಾಕಿದ್ದನ್ನು ದೊಡ್ಡವರ ಕಾಲ ಸಂದಿಯಿಂದ ನೋಡಿದ್ದಳು. ಮಕ್ಕಳು ನೋಡಬಾರದು ಎಂದು ಗದರಿದ್ದರು. ನೋಡಬಾರದು, ಕೇಳಬಾರದು ಎನ್ನುವುದು ಬಿಟ್ಟರೆ ದೊಡ್ಡವರಿಗೆ ಬೇರೆ ಕೆಲಸವೇ ಇರಲಿಲ್ಲ.

ಗುಬ್ಬಿಗೆಲ್ಲ ಯಾರು ವಿಭೂತಿ ಕೊಡುತ್ತಾರೆ ಎಂದು ಅಜ್ಜಿ ಕಲ್ಲಮ್ಮ ಮುಖ ತಿರುಗಿಸಿದ್ದಳು. ಅದಕ್ಕೇ ಮಲ್ಲಿಕಾಂಬ ಒಲೆಯಿಂದ ಒಂದು ಚಿಪ್ಪು ಬೂದಿ ತಂದಿದ್ದಳು. ಬೂದಿ ಇನ್ನೂ ಬೆಚ್ಚಗಿತ್ತು.

ಮರಿಯನ್ನು ಕೂರಿಸಿ ಕತ್ತಿನವರೆಗೆ ಬೂದಿ ತುಂಬಿದಳು. ಹಣೆಗೂ ಒಂದಿಷ್ಟು ಹಚ್ಚಿದಳು. ಇಬ್ಬರೂ ಕಣ್ಣು ಮುಚ್ಚಿ ಕೈ ಮುಗಿದರು. ಮುತ್ತಜ್ಜನಿಗೆ ಹೇಳಿದ ಮಂತ್ರ ನೆನಪಿಲ್ಲದ್ದರಿಂದ ಚಂದ್ರಶೇಖರ ಶಾಲೆಯ ಪ್ರಾರ್ಥನೆ ಶುರು ಮಾಡಿದ. ಮುಗಿಯಲು ಎಷ್ಟೋ ಹೊತ್ತು ಹಿಡಿಯಿತು.

ಕಣ್ಣು ಬಿಟ್ಟರೆ ಹೆಣ ಬಾಯಿ ತೆರೆದಿತ್ತು. ಅಗಲವಾದ ಹಳದಿ ಬಾಯಿ. ತುತ್ತು ಬೇಡುತ್ತಿತ್ತು.

ಮಲ್ಲಿಕಾಂಬ ಮರಿಯನ್ನು ಬೂದಿಯಿಂದ ಎತ್ತಿಕೊಂಡಳು. ಮೇಲೆ ಒಂದು ಹಿಡಿ ಮಣ್ಣು ಹಾಕಿಬಿಟ್ಟಿದ್ದರೆ!

ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವಂತೆ ಎಂದ ಚಂದ್ರಶೇಖರ. ಆದರೂ ಸ್ಟೂಲು ಹತ್ತಿ ಗೂಡಿಗೆ ಬಿಟ್ಟು, ಕಂಬದ ಹಿಂದೆ ಅವಿತು ನಿಂತರು. ತಾಯಿ ಗುಬ್ಬಿ ಬಂತು. ಅತ್ತಿತ್ತ ನೋಡಿತು. ಆಮೇಲೆ ಒಳಗೆ ಹೋಗಿ ಮರಿಗಳ ಮೇಲೆ ಕೂತಿತು.

ಅವತ್ತು ಶಾಲೆಯಲ್ಲಿ ತೀರ್ಥಪ್ಪ ಮೇಷ್ಟ್ರು ನದಿಗಳ ಪಾಠ ಮಾಡುತ್ತಿದ್ದರು. ಮಲ್ಲಿಕಾಂಬ ಎದ್ದು ನಿಂತಳು.

"ಸಾ, ಚಳಿಯಾದ್ರೆ ನಾವು ನಡುಗ್ತೀವಿ. ಗುಬ್ಬಿ ಮರಿ ಯಾಕೆ ನಡುಗ್ಲಿಲ್ಲ?"

ಅವಳು ನಡೆದದ್ದನ್ನೆಲ್ಲ ಹೇಳಿದಳು. ಹಾಗಾದರೆ ನಿಮ್ಮ ಮುತ್ತಜ್ಜನಿಗೂ ಬಿಸಿ ಬೂದಿ ಹಾಕಬೇಕಿತ್ತು ಎಂದು ಹಿಂದಿನ ಬೆಂಚಿನ ಗಿಡ್ಡಪ್ಪ ಎಲ್ಲರನ್ನೂ ನಗಿಸಿದ. ಪಾಠದಲ್ಲಿ ಇರುವುದನ್ನು ಕೇಳು ಎಂದು ಮೇಷ್ಟ್ರು ಕೂರಿಸಿದರು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಗುಬ್ಬಿ ಯಾಕೆ ಪಾಠದಲ್ಲಿಲ್ಲ?

ಬೆಲ್ ಹೊಡೆದ ಮೇಲೆ ಮೇಷ್ಟ್ರೇ ಕರೆದರು. ಕಿಟಕಿಯಿಂದ ಅಜ್ಜಂಪುರ ಸ್ಟೇಷನ್ನಿನ ಸಿಗ್ನಲ್ ಕಂಬ ಕಾಣುತ್ತಿತ್ತು.

"ಅಲ್ನೋಡು. ಸ್ಟೇಷನ್ನಲ್ಲಿ ಸನ್ನೆಕೋಲು ಎಳೆದ್ರೆ ತಂತಿ ಜಗ್ಗಿ ಆ ಕಂಬದ ಕೈ ಕೆಳಕ್ಕೆ ಬೀಳ್ತದೆ. ನಮ್ಮ ಮೆದುಳೂ ಹಂಗೇ. ಚಳಿ ಅಂತ ಗೊತ್ತಾದ ಕೂಡ್ಲೆ ಮೈಗೆ ನಡುಗು ಅಂತದೆ. ನಡುಗಿದ್ರೆ ಮೈಯಲ್ಲಿ ಶಾಖ ಹುಟ್ತದೆ. ಆ ಮರಿದು ಇನ್ನೂ ಎಳೇ ಮೆದುಳು, ಎಳೇ ಮೈ. ತಂತಿ ಬಿಗಿದಿಲ್ಲ ಅನ್ಕೋ."

"ಅಲ್ಲೀಗಂಟ?"

"ಅಲ್ಲೀಗಂಟ ತಾಯಿ ಮೇಲೆ ಕೂರ್ತಾಳಲ್ಲ."

ಅಂದಿನಿಂದ ಮಲ್ಲಿಕಾಂಬ ಏಳುತ್ತಲೇ ಸ್ಟೂಲು ಹತ್ತುವಳು. ಮರಿಗಳ ಕಣ್ಣು ತೆರೆದವು. ಮುಳ್ಳಿನಂಥ ಪುಕ್ಕ ಮೂಡಿ ಬಿಚ್ಚಿಕೊಂಡಿತು. ತಾಯಿ ಹೆಚ್ಚು ಹೊತ್ತು ಹೊರಗೇ ಇರತೊಡಗಿತು.

ಒಂದು ಬೆಳಿಗ್ಗೆ ಮಂಜು ಹೊಸಿಲವರೆಗೂ ಬಂದಿತ್ತು. ಚಂದ್ರಶೇಖರ ಅವಳಿಗಿಂತ ಮೊದಲೇ ಸ್ಟೂಲು ಹತ್ತಿದ್ದ. ಅವನ ಮುಖ ಬಾಡಿತ್ತು.

"ತಾಯಿ ಇಲ್ಲ. ನಮ್ಮ ಮರಿ ಗಡಗಡ ನಡುಗ್ತಾ ಐತೆ. ಸಾಯ್ತದೆ ಕಣಕ್ಕ, ಬೂದಿ ತರ್ಲಾ?"

ಅವನನ್ನು ಇಳಿಸಿ ಮಲ್ಲಿಕಾಂಬ ಹತ್ತಿದಳು. ಮೆಲ್ಲಗೆ ಬೆರಳಿಟ್ಟಳು. ಪುಕ್ಕದೊಳಗೆ ಪುಟ್ಟ ಮೈ ಬಿಡದೆ ನಡುಗುತ್ತಿತ್ತು. ಮೈ ಬೆಚ್ಚಗಿತ್ತು.

"ಬ್ಯಾಡ," ಎಂದಳು.

"ಮತ್ತೆ ಏನ್ ಮಾಡೋದು?"

"ಏನೂ ಬ್ಯಾಡ. ನಡುಗ್ಲಿ ಬಿಡು."

ತೆರೆದ ಬಾಗಿಲಿನಿಂದ ಕುಳಿರ್ಗಾಳಿ ಬೀಸಿತು. ಅವಳ ತೋಳಿನ ಕೂದಲು ನಿಂತವು. ಫೋಟೋ ಹಿಂದೆ ಮರಿ, ಸ್ಟೂಲಿನ ಮೇಲೆ ಅವಳು, ಇಬ್ಬರೂ ನಡುಗುತ್ತ ಒಬ್ಬರನ್ನೊಬ್ಬರು ನೋಡುತ್ತಿದ್ದರು.