ಮಾಯ್ ಮಾಹಿಯು ಘಾಟಿಯ ಏರಿನಲ್ಲಿ ಎರಡು ಕ್ಲಚ್

ಗುಂಡು ಹಿಂದಿನ ಗಾಜನ್ನು ಪುಡಿ ಮಾಡಿತು!

"ತಲೆ ತಗ್ಗಿಸು ಕಮಾಂಡೆ!"

ಪಕ್ಕದ ಸೀಟಿನಲ್ಲಿದ್ದ ಮೆಕ್ಯಾನಿಕ್ ಮುದುಡಿಕೊಂಡ. ಹನ್ನೊಂದಕ್ಕೆ ಇವನು ನೈರೋಬಿಯ ಕೋರ್ಟಿನಲ್ಲಿ ಸಾಕ್ಷಿಯಾಗಿ ಜೀವಂತ ನಿಲ್ಲಬೇಕು. ನಿಂತರೆ, ಹಿಂದೆ ಗುಂಡು ಹಾರಿಸುತ್ತ ಬೆನ್ನಟ್ಟಿರುವ ಗಚಂಜನಿಗೆ ಜೈಲು.

ಗಚಂಜ ಹಳೇ ಎಸ್‌ಯುವಿಗಳ ವ್ಯಾಪಾರಿ. ಕ್ಲಚ್ ಸುಟ್ಟ ಗಾಡಿಯೊಂದರ ಎಚ್ಚರಿಕೆ ದೀಪವನ್ನು ಕಮಾಂಡೆಯ ಕೈಯಲ್ಲಿ ಆರಿಸಿ, ಸಂಸಾರಕ್ಕೆ ಹೇಳಿ ಮಾಡಿಸಿದ್ದು ಎಂದು ಮಾರಿದ್ದ.

ಕೊಂಡವಳು ನನ್ನ ತಂಗಿ ವಾರುಗುರು. ಇದೇ ಘಾಟಿಯಲ್ಲಿ ಗಾಡಿ ಹಿಂದಕ್ಕೆ ಜಾರಿ... ಅವಳು, ಎರಡು ಮಕ್ಕಳು, ಕಣಿವೆ.

ಪತ್ತೇದಾರಿಕೆ ನನ್ನ ಕಸುಬು. ಈ ಕೇಸಿಗೆ ಮಾತ್ರ ಯಾರೂ ನನ್ನನ್ನು ಕರೆಯಲಿಲ್ಲ.

ಮಂಜು ಕವಿಯಿತು. ಮುಂದೆ ತೆವಳುವ ಲಾರಿಗಳ ಸಾಲು.

"ಅಕ್ಕಾ, ಆ ತಿರುವು ಬಂತು. ಸತ್ತೋರು ಇಲ್ಲಿ ಚಕ್ರ ಹಿಡ್ಕೋತಾರಂತೆ..."

"ಹಿಡ್ಕೊಳ್ಳಲಿ ಬಿಡು. ನಮ್ಮೋರೇ ತಾನೆ!"

ಅಂದೆನೇನೋ ನಿಜ. ಆದರೆ ಹಿಂದಿನ ಸೀಟಿನಲ್ಲಿ ಮಗು ಕೆಮ್ಮಿದಂತಾಯಿತು.

ತಿರುಗಿ ನೋಡಲಿಲ್ಲ.

ಗಚಂಜನದೂ ನನ್ನಂಥದೇ ಗಾಡಿ. ಎರಡು ಕ್ಲಚ್. ಒಂದು ಮೂರನೇ ಗೇರಿನಲ್ಲಿ ಓಡಿಸುತ್ತಿದ್ದರೆ ಇನ್ನೊಂದು ನಾಲ್ಕನ್ನು ಮೊದಲೇ ಹಿಡಿದು ಕಾದಿರುತ್ತದೆ. ಬಯಲಿನಲ್ಲಿ ಬಾಣ! ಏರಿನಲ್ಲಿ ತೆವಳಿಸಿದರೆ ಮಾತ್ರ ಉಜ್ಜಿ ಉಜ್ಜಿ ಬೇಯುತ್ತದೆ.

ನಾನು ಬ್ರೇಕ್ ತುಳಿದು ನಿಂತೆ. ಮುಂದಿನ ಲಾರಿ ದೂರ ಹೋದ ಮೇಲೆ ಒಂದೇ ಉಸಿರಿಗೆ ಹತ್ತಿದೆ. ಮತ್ತೆ ನಿಂತೆ.

ನನಗೂ ಗಚಂಜನಿಗೂ ನಡುವೆ ಜನ ತುಂಬಿದ ಮತಾಟು ವ್ಯಾನೊಂದು ನುಗ್ಗಿ ಅವನ ಗುರಿಗೆ ಅಡ್ಡವಾಯಿತು. ಇನ್ನೊಂದು ನುಗ್ಗದಂತೆ ಗಚಂಜ ಅದರ ಬಾಲಕ್ಕೆ ಅಂಟಿಕೊಂಡ. ಗೇಣು ಜಾಗ ಬಿಡಲಿಲ್ಲ. ಬ್ರೇಕನ್ನೂ ಮುಟ್ಟಲಿಲ್ಲ. ಆಕ್ಸಿಲರೇಟರನ್ನು ಅರೆ ಒತ್ತಿಯೇ, ಹಿಂದೆ ಜಾರದಂತೆ ಏರಿನಲ್ಲಿ ಗಾಡಿ ನಿಲ್ಲಿಸಿದ. ನೈರೋಬಿಯ ಡ್ರೈವರುಗಳ ಹುಟ್ಟುಚಟ!

ಫೋನ್ ಬಡಿದುಕೊಂಡಿತು.

"ವಾಂಗೆಚಿ, ಆ ನಾಯೀನ ಇಳ್ಸು. ನಿನ್ನ ಬಿಟ್ಬಿಡ್ತೀನಿ."

"ಸುಟ್ಟ ವಾಸನೆ ಬರ್ತಿದ್ಯಾ ಗಚಂಜ?"

ಅವನು ಮೂಗೆಳೆದದ್ದು ಕೇಳಿಸಿತು.

"ಏನೇ ಇದು... ಗಾಡಿ ಎಳೀತಿಲ್ಲ!"

ಕನ್ನಡಿಯಲ್ಲಿ ಹೊಗೆ ಕಂಡಿತು. ಅವನ ಗಾಡಿ ಹಿಂದಕ್ಕೆ ಜಾರತೊಡಗಿತು. ಬ್ರೇಕ್ ತುಳಿಯಬೇಕಿತ್ತು. ಎಂಜಿನ್ ಅರಚಿತು... ಅವನು ಆಕ್ಸಿಲರೇಟರನ್ನೇ ಇನ್ನಷ್ಟು ಒತ್ತುತ್ತಿದ್ದ!

"ವಾಂಗೆಚಿ... ಹಿಂದಿನ ಸೀಟಲ್ಲಿ ಯಾರೇ ಇವ್ರು?"

ನಾನು ಕನ್ನಡಿಯಿಂದ ಕಣ್ಣು ಕೀಳಲಿಲ್ಲ.

ಕಣಿವೆಯ ಅಂಚಿಗೆ ಒಂದು ಮಾರು ಇತ್ತು. ಧಡ್! ಹಿಂದಿನ ಲಾರಿ ಅವನನ್ನು ತಡೆದು ನಿಲ್ಲಿಸಿತು.

ಫೋನಿನಲ್ಲಿ ಲಾರಿಯವನ ಬೈಗುಳ ಕೇಳಿಸಿತು. "ಏಯ್, ಕಣ್ಣು ಮನೇಲಿ ಬಿಟ್ಬಂದ್ಯೇನೋ? ಕೈಯಲ್ಲೇನೋ ಅದು... ಪಿಸ್ತೂಲು! ಹಿಡೀರೋ ಇವನ್ನ!"

ಕಮಾಂಡೆ ತಲೆ ಎತ್ತಿದ. "ಸತ್ನಾ ಅಕ್ಕಾ?"

"ಇಲ್ಲ."

ತಂಗಿ ಅವನನ್ನು ಜೀವಸಹಿತ ಬಿಟ್ಟುಬಿಟ್ಟಳು. ನಾನು ಅವಳಷ್ಟು ಒಳ್ಳೆಯವಳಲ್ಲ... ಕೋರ್ಟಿನ ಕಡೆ ಗಾಡಿ ಓಡಿಸಿದೆ.